ಉಣ್ಣುವ ಜಾಗ, ಮಲಗುವ ಜಾಗ

(ಮಾತಾಡುತ್ತಿರುವವರು ಇಬ್ಬರು. ಕುಂದಾಪುರದ ಕಡೆಯಿಂದ ಹುಡುಗನಾಗಿ ಮುಂಬಯಿಗೆ ಬಂದು, ಫೋರ್ಟಿನಲ್ಲಿ ಹೋಟೆಲ್ ಮಾಣಿಯಾಗಿ ದುಡಿದು, ಮುಂದೆ ಘಾಟ್‌ಕೋಪರಿನಲ್ಲಿ ಸ್ವಂತ ಹೋಟೆಲು ನಡೆಸಿ, ಈಗ ಅದನ್ನು ಮಗನಿಗೆ ಬಿಟ್ಟುಕೊಟ್ಟಿರುವ ಮಾವ ಒಬ್ಬರು. ಉಪನಗರದ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಸೋದರಸೊಸೆ ಇನ್ನೊಬ್ಬಳು. ಮಾವ ಕನ್ನಡದಲ್ಲಿ ಬರೆದಿಟ್ಟ ನೆನಪುಗಳನ್ನು ಸೊಸೆ ಇಂಗ್ಲಿಷಿನಲ್ಲಿ ಬರೆಯುತ್ತಿದ್ದಾಳೆ.)

ಸೊಸೆ: ಮಾವ, ಮೊದಲ ಪುಟದಲ್ಲೇ ನನಗೊಂದು ತೊಡಕು. ‘ಮುಂಬಯಿಗೆ ಬಂದ ಮರುದಿನವೇ ಹೋಟೆಲಿಗೆ ಸೇರಿದೆ’ ಎಂದು ಬರೆದಿದ್ದೀರಿ. ಇಂಗ್ಲಿಷಿನಲ್ಲೂ ಹೋಟೆಲ್ ಎಂದೇ ಬರೆದರೆ ಹೊರದೇಶದಲ್ಲಿ ಓದುವವರಿಗೆ ಕೋಣೆ, ಹಾಸಿಗೆ, ಲಿಫ್ಟು ಇರುವ ಕಟ್ಟಡ ಕಣ್ಣಿಗೆ ಬರುತ್ತದೆ. ನೀವು ಸೇರಿದ್ದು ಇಡ್ಲಿ, ದೋಸೆ, ರೈಸ್ ಪ್ಲೇಟಿನ ಜಾಗ. ಅದಕ್ಕೆ ರೆಸ್ಟೋರೆಂಟ್ ಎನ್ನಬೇಕು.

ಮಾವ: ರೆಸ್ಟೋರೆಂಟ್ ಅಂದರೆ ನಾನು ಸೇರಿದ ಜಾಗ ಅದಲ್ಲ ಅನ್ನಿಸುತ್ತದೆ ಮಾರಾಯ್ತಿ. ಊರಲ್ಲಿ ನಮ್ಮ ಅಮ್ಮ ‘ಮಗನನ್ನು ಬೊಂಬಾಯಿ ಹೋಟೆಲಿಗೆ ಕಳಿಸಿದೆವು’ ಅನ್ನುತ್ತಿದ್ದರು. ಆ ಮಾತಿನಲ್ಲಿ ಊಟ ಮಾರುವ ಅಂಗಡಿಗಿಂತ ಹೆಚ್ಚಿನದೇನೋ ಇತ್ತು. ಅದೇನು ಅಂತ ಆಮೇಲೆ ಹೇಳುತ್ತೇನೆ. ಮೊದಲು ಇಂಗ್ಲಿಷಿನವರ ಲೆಕ್ಕ ಹೇಗೆ ಅಂತ ನೀನು ಹೇಳು.

ಸೊಸೆ: ಅವರ ಲೆಕ್ಕ ನೇರ. ಹಣ ಕೊಟ್ಟು ರಾತ್ರಿ ತಂಗುವುದು ಹೋಟೆಲ್. ಹಣ ಕೊಟ್ಟು ಕೂತು ಉಂಡು ಎದ್ದುಹೋಗುವುದು ರೆಸ್ಟೋರೆಂಟ್. ಹೋಟೆಲಿನಲ್ಲಿ ಕೋಣೆ ಕಾದಿರಿಸುತ್ತಾರೆ, ರೆಸ್ಟೋರೆಂಟಿನಲ್ಲಿ ಟೇಬಲು. ಹೋಟೆಲಿಗೆ ಬಂದವನು ‘ಗೆಸ್ಟ್’, ರೆಸ್ಟೋರೆಂಟಿಗೆ ಬಂದವನು ‘ಡೈನರ್’, ಇಲ್ಲವೇ ಬರೀ ‘ಕಸ್ಟಮರ್’. ಹೋಟೆಲಿನೊಳಗೆ ರೆಸ್ಟೋರೆಂಟ್ ಇರಬಹುದು, ಇಲ್ಲದೆಯೂ ಇರಬಹುದು. ‘ನಿನ್ನೆ ಹೋಟೆಲಿನಲ್ಲಿ ಊಟ ಮಾಡಿದೆವು’ ಎಂದು ಇಂಗ್ಲಿಷಿನಲ್ಲಿ ಹೇಳಿದರೆ ವ್ಯಾಕರಣ ತಪ್ಪಲ್ಲ. ಆದರೆ ತಂಗುವ ಹೋಟೆಲಿನ ಊಟದ ಕೋಣೆಯಲ್ಲಿ ಉಂಡಿರಿ ಎಂದು ಕೇಳಿದವರು ತಿಳಿಯುತ್ತಾರೆ. ನನ್ನ ವಿದ್ಯಾರ್ಥಿಗಳು ಪ್ರತಿ ವರ್ಷ ಎಡವುವುದು ಇಲ್ಲೇ.

ಮಾವ: ನಮ್ಮ ಲೆಕ್ಕವೂ ನೇರವೇ. ಉಣ್ಣುವುದಕ್ಕೆ ಹೋಟೆಲು, ಮಲಗುವುದಕ್ಕೆ ಲಾಡ್ಜು. ಊರಿಂದ ಬಂದ ನೆಂಟ ‘ಲಾಡ್ಜಿನಲ್ಲಿ ಇಳಿದುಕೊಂಡಿದ್ದೇನೆ, ಹೋಟೆಲಿನಲ್ಲಿ ಊಟ ಮಾಡುತ್ತೇನೆ’ ಅಂದರೆ ಯಾರಿಗೂ ಗೊಂದಲ ಆಗುವುದಿಲ್ಲ. ದೊಡ್ಡ ಶ್ರೀಮಂತರು ಇಳಿಯುವ ಜಾಗಕ್ಕೆ ‘ಫೈವ್‌ಸ್ಟಾರ್’ ಅಂದುಬಿಡುತ್ತೇವೆ. ಮೂರು ಬಗೆಗೆ ಮೂರು ಮಾತು. ಇದರಲ್ಲಿ ಎಡವಟ್ಟು ಎಲ್ಲಿ ಉಂಟು?

ಸೊಸೆ: ಒಳಗಿನವರಿಗೆ ಇಲ್ಲ, ಅದು ನಿಜ. ನಮ್ಮ ಹೋಟೆಲು ಅವರ ರೆಸ್ಟೋರೆಂಟಿನ ಸ್ಥಾನದಲ್ಲಿದೆ, ನಮ್ಮ ಲಾಡ್ಜು ಅವರ ಹೋಟೆಲಿನ ಸ್ಥಾನದಲ್ಲಿದೆ. ತೊಂದರೆ ಬರುವುದು ಗಡಿ ದಾಟುವಾಗ. ಲಾಡ್ಜ್ ಎಂದರೆ ಇಂಗ್ಲೆಂಡಿನವರಿಗೆ ದೊಡ್ಡ ಬಂಗಲೆಯ ಗೇಟಿನ ಪಕ್ಕದ ಕಾವಲುಗಾರನ ಮನೆ, ಅಥವಾ ಬೇಟೆಗೆ ಹೋದವರು ಕಾಡಿನಲ್ಲಿ ಉಳಿಯುವ ಮನೆ. ಹೀಗೆ ಒಂದು ಪದ ಸರಿದರೆ ಅದರ ಪಕ್ಕದ್ದೂ ಸರಿಯುತ್ತದೆ.

ಮಾವ: ಸರಿ. ಈ ಎರಡು ಪದಗಳು ಮೊದಲು ಎಲ್ಲಿಂದ ಹೊರಟವು?

ಸೊಸೆ: ಎರಡೂ ಫ್ರೆಂಚಿನಿಂದ ಬಂದವು. ಹೋಟೆಲಿನ ಹಿಂದೆ ಹಳೆಯ ಫ್ರೆಂಚಿನ ‘ಹೋಸ್ಟೆಲ್’ ಇದೆ, ಅದರ ಹಿಂದೆ ಲ್ಯಾಟಿನ್. ಬಂದವರಿಗೆ ನೆರಳು ಕೊಡುವುದು ಎಂಬುದೇ ಬೇರಿನ ಅರ್ಥ. ಆಸ್ಪತ್ರೆಯ ‘ಹಾಸ್ಪಿಟಲ್’, ವಿದ್ಯಾರ್ಥಿಗಳ ‘ಹಾಸ್ಟೆಲ್’, ಈ ಹೋಟೆಲ್, ಮೂರೂ ಒಂದೇ ಬೇರಿನವು. ಪ್ಯಾರಿಸ್ಸಿನ ನಗರಸಭೆಯ ಕಟ್ಟಡಕ್ಕೆ ಇವತ್ತಿಗೂ ‘ಓತೆಲ್ ದ ವೀಲ್’ ಎನ್ನುತ್ತಾರೆ. ಅಲ್ಲಿನ ಹಳೆಯ ಆಸ್ಪತ್ರೆಯ ಹೆಸರು ‘ಓತೆಲ್ ದ್ಯೂ’, ಅಂದರೆ ದೇವರ ಮನೆ. ರೆಸ್ಟೋರೆಂಟಿನ ಕತೆ ಬೇರೆ. ‘ರೆಸ್ತೊರೆ’ ಎಂದರೆ ಕಳೆದುಕೊಂಡ ಕಸುವನ್ನು ಮರಳಿ ಕೊಡುವುದು. 18ನೇ ಶತಮಾನದ ಪ್ಯಾರಿಸ್ಸಿನಲ್ಲಿ ಮಾಂಸವನ್ನು ಹೊತ್ತುಗಟ್ಟಲೆ ಕುದಿಸಿ ತೆಗೆದ ಗಟ್ಟಿ ಸಾರಿಗೆ, ನಿಶ್ಶಕ್ತರು ಕುಡಿಯುವ ಸಾರಿಗೆ, ರೆಸ್ಟೋರೆಂಟ್ ಎಂಬ ಹೆಸರಿತ್ತು. ಆಮೇಲೆ ಆ ಸಾರು ಸಿಗುವ ಜಾಗಕ್ಕೂ ಅದೇ ಹೆಸರು ನಿಂತಿತು.

ಮಾವ: ಅಂದರೆ ಒಂದು ಪದದ ಒಳಗೆ ನೆರಳು ಉಂಟು, ಇನ್ನೊಂದರ ಒಳಗೆ ಸಾರು ಉಂಟು.

ಸೊಸೆ: ಹೌದು. ಪದ ಸರಿದದ್ದು ಭಾರತದಲ್ಲಿ ಮಾತ್ರ ಎಂದೂ ತಿಳಿಯಬೇಡಿ. ಆಸ್ಟ್ರೇಲಿಯಾದಲ್ಲಿ ಹೋಟೆಲ್ ಎಂದರೆ ಎಷ್ಟೋ ಕಡೆ ಬಿಯರ್ ಕುಡಿಯುವ ಜಾಗ. ಮದ್ಯ ಮಾರುವ ಪರವಾನಗಿ ಬೇಕಾದರೆ ಪ್ರಯಾಣಿಕರಿಗೆ ಕೋಣೆ ಇಟ್ಟಿರಬೇಕೆಂದು ಅಲ್ಲಿ ಹಿಂದೆ ಕಾನೂನಿತ್ತು. ಎಷ್ಟೋ ಕಡೆ ಕೋಣೆಗಳು ಹೋದವು, ಹೆಸರು ಉಳಿಯಿತು.

ಮಾವ: ಮುಂಬಯಿಯಲ್ಲಿ ಕೋಣೆಯ ಹೋಟೆಲುಗಳು ಮೊದಲಿಂದಲೂ ಇದ್ದವಲ್ಲ?

ಸೊಸೆ: ಇದ್ದವು. ಕಾಲಾ ಘೋಡಾದಲ್ಲಿ 1860ರ ದಶಕದಲ್ಲಿ ಎದ್ದ ವಾಟ್ಸನ್ಸ್ ಹೋಟೆಲಿನ ಕಬ್ಬಿಣದ ಚೌಕಟ್ಟು ಇಂಗ್ಲೆಂಡಿನಲ್ಲಿ ತಯಾರಾಗಿ ಹಡಗಿನಲ್ಲಿ ಬಂದದ್ದು. ಲೂಮಿಯೇರ್ ಸಹೋದರರ ಚಲನಚಿತ್ರಗಳನ್ನು 1896ರ ಜುಲೈ 7ರಂದು ತೋರಿಸಿದ್ದು ಅಲ್ಲಿಯೇ. 1903ರಲ್ಲಿ ತಾಜ್ ಮಹಲ್ ಹೋಟೆಲ್ ತೆರೆಯಿತು. ಇವೆಲ್ಲ ಇಂಗ್ಲಿಷಿನ ಅರ್ಥದ ಹೋಟೆಲುಗಳು. ಆದರೆ ಊರಿನ ಬಾಯಲ್ಲಿ ಆ ಪದ ಬೇರೆ ದಾರಿ ಹಿಡಿಯಿತು. ಧೋಬಿ ತಲಾವಿನ ಕ್ಯಾನಿಯ ಬೋರ್ಡಿನಲ್ಲಿ ಏನೇ ಬರೆದಿದ್ದರೂ ಜನ ‘ಇರಾನಿ ಹೋಟೆಲ್’ ಎನ್ನುತ್ತಾರೆ. ಚಾ ಮತ್ತು ಬ್ರುನ್ ಪಾವ್ ಸಿಕ್ಕರೆ ಸಾಕು, ಅದು ಹೋಟೆಲು.

ಮಾವ: ನಮ್ಮವರ ಬೋರ್ಡುಗಳನ್ನೂ ನೋಡು. ಮಾಟುಂಗಾ ಸ್ಟೇಷನ್ನಿನ ಎದುರು ಎ. ರಾಮ ನಾಯಕರು 1942ರಲ್ಲಿ ಶುರುಮಾಡಿದ್ದರ ಹೆಸರು ‘ಉಡುಪಿ ಶ್ರೀಕೃಷ್ಣ ಬೋರ್ಡಿಂಗ್’. ಬಾಳೆ ಎಲೆ ಹಾಕಿ ಬಡಿಸುವ ಜಾಗ ಅದು, ಮಲಗುವ ಕೋಣೆ ಅಲ್ಲಿಲ್ಲ. ಅದನ್ನೂ ನೀನು ತಪ್ಪು ಅನ್ನುತ್ತೀಯಾ?

ಸೊಸೆ: ಇಲ್ಲ, ಅದು ಬಹಳ ಸರಿಯಾದ ಹೆಸರು. ಇಂಗ್ಲಿಷಿನಲ್ಲಿ ‘ಬೋರ್ಡ್’ ಎಂದರೆ ಊಟದ ಹಲಗೆ, ಅದರಿಂದ ದಿನದಿನದ ಊಟ. ‘ಬೋರ್ಡ್ ಆ್ಯಂಡ್ ಲಾಡ್ಜಿಂಗ್’ ಎಂದರೆ ಊಟ ಮತ್ತು ವಸತಿ. ಬರೀ ಊಟ ಹಾಕುವ ಜಾಗಕ್ಕೆ ಬರೀ ಬೋರ್ಡಿಂಗ್ ಎಂದು ಹೆಸರಿಟ್ಟಾಗ ಪದದ ಹಳೆಯ ಅರ್ಥ ಅಲ್ಲಿ ಹಾಗೇ ಉಳಿದುಕೊಂಡಿದೆ. ಇನ್ನು ಮಂಗಳೂರಿನವರು ಮೀನಿನ ಊಟದ ಜಾಗಗಳಿಗೆ ಇಟ್ಟ ‘ಲಂಚ್ ಹೋಮ್’ ಇಂಗ್ಲೆಂಡಿನಲ್ಲಿ ಯಾರಿಗೂ ಅರ್ಥವಾಗಲಿಕ್ಕಿಲ್ಲ. ಅದು ಮುಂಬಯಿಯದೇ ಪದ. ಮಧ್ಯಾಹ್ನ ಆಫೀಸಿನಿಂದ ಬಂದವನಿಗೆ ಮನೆಯ ಊಟ ಎಂಬ ಭರವಸೆ ಆ ಎರಡು ಪದಗಳಲ್ಲಿದೆ.

ಮಾವ: ಗಿರಣಿಗಳ ಪರೇಲ್, ಲಾಲ್‌ಬಾಗ್ ಕಡೆ ಖಾಣಾವಳಗಳೂ ಇದ್ದವು. ನಮ್ಮ ಹುಬ್ಬಳ್ಳಿ, ಬೆಳಗಾವಿ ಕಡೆಯವರ ಖಾನಾವಳಿಯೇ ಅದು. ಹೆಂಗಸರು ತಮ್ಮ ಖೋಲಿಯಲ್ಲೇ ಅಡುಗೆ ಮಾಡಿ ಗಿರಣಿ ಕಾರ್ಮಿಕರಿಗೆ ತಿಂಗಳ ಲೆಕ್ಕದಲ್ಲಿ ಊಟ ಹಾಕುತ್ತಿದ್ದರು.

ಸೊಸೆ: ಆ ಹೆಂಗಸರನ್ನೇ ಸಂಘಟಿಸಿ ಪ್ರೇಮಾ ಪುರವ್ 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದರು. ಖಾಣಾವಳಕ್ಕೆ ಹೋಟೆಲ್ ಅನ್ನಲಿಕ್ಕೂ ಆಗುವುದಿಲ್ಲ, ರೆಸ್ಟೋರೆಂಟ್ ಅನ್ನಲಿಕ್ಕೂ ಆಗುವುದಿಲ್ಲ. ಗಿರಣಿ ಕಾರ್ಮಿಕ ಒಂದು ಕಡೆ ಮಲಗಿ ಇನ್ನೊಂದು ಕಡೆ ಉಣ್ಣುತ್ತಿದ್ದ.

ಮಾವ: ಆ ಮಾತು ನೆನಪಿಟ್ಟುಕೋ. ನಾನು ಹೇಳಬೇಕಾದ್ದಕ್ಕೆ ಅದು ಬೇಕಾಗುತ್ತದೆ. ಈಗ ಹೇಳು, ಬಾಯಿಮಾತು ಹೇಗೂ ಇರಲಿ, ಸರಕಾರದ ಕಾಗದದಲ್ಲಿ ನಮ್ಮನ್ನು ಏನೆಂದು ಕರೆದರು?

ಸೊಸೆ: ಕಾನೂನು ಬರೆದವರು ಜಾಣರು. 1948ರ ಬಾಂಬೆ ಶಾಪ್ಸ್ ಆ್ಯಂಡ್ ಎಸ್ಟಾಬ್ಲಿಷ್‌ಮೆಂಟ್ಸ್ ಕಾಯ್ದೆಯಲ್ಲಿ ಎರಡು ಬೇರೆ ವ್ಯಾಖ್ಯೆಗಳಿದ್ದವು. ಒಂದು ‘ರೆಸಿಡೆನ್ಷಿಯಲ್ ಹೋಟೆಲ್’, ಅಂದರೆ ಪ್ರಯಾಣಿಕರು ಉಳಿಯುವ, ಮಲಗುವ ಜಾಗ. ಇನ್ನೊಂದು ‘ರೆಸ್ಟೋರೆಂಟ್ ಅಥವಾ ಈಟಿಂಗ್ ಹೌಸ್’, ಅಂದರೆ ಊಟ ತಿಂಡಿ ಒದಗಿಸುವ ಜಾಗ. ಹೋಟೆಲ್ ಎಂಬ ಪದವನ್ನು ಒಂಟಿಯಾಗಿ ಬಿಡದೆ ಅದಕ್ಕೆ ‘ರೆಸಿಡೆನ್ಷಿಯಲ್’ ಸೇರಿಸಿದರು. ಬರೀ ಹೋಟೆಲ್ ಎಂದರೆ ಈ ಊರಿನಲ್ಲಿ ಚಾದಂಗಡಿಯವನೂ ಬಂದು ನಿಲ್ಲುತ್ತಾನೆ ಎಂದು ಅವರಿಗೆ ಗೊತ್ತಿದ್ದಿರಬೇಕು ಎಂದೇ ನಾನು ಓದಿಕೊಳ್ಳುತ್ತೇನೆ.

ಮಾವ: ತೆರಿಗೆಯವರೂ ಈ ಎರಡು ಪದಗಳ ಮೇಲೆ ಬಹಳ ಕಾಲ ಗುದ್ದಾಡಿದರು. ನಾನು ಗಲ್ಲಾದಲ್ಲಿ ಕೂತ ಕಾಲದಲ್ಲಿ ಅದೇ ಮಾತು. ಊಟಕ್ಕೆ ಮಾರಾಟ ತೆರಿಗೆ ಉಂಟೋ ಇಲ್ಲವೋ?

ಸೊಸೆ: ಅದು ಸುಪ್ರೀಂ ಕೋರ್ಟಿಗೇ ಹೋದ ಪ್ರಶ್ನೆ. ಮೊದಲು 1972ರಲ್ಲಿ ಅಸೋಸಿಯೇಟೆಡ್ ಹೋಟೆಲ್ಸ್ ಕಂಪನಿಯ ಮೊಕದ್ದಮೆ. ಕೋಣೆ ಮತ್ತು ಊಟಕ್ಕೆ ಸೇರಿಸಿ ಒಂದೇ ದರ ಕೊಟ್ಟು ತಂಗಿದವನಿಗೆ ಹಾಕುವ ಊಟ ಮಾರಾಟವಲ್ಲ, ಅದು ಆತಿಥ್ಯ ಸೇವೆಯ ಭಾಗ ಎಂದು ಕೋರ್ಟು ಹೇಳಿತು. ಇದು ಹೋಟೆಲಿಗೆ ಸಿಕ್ಕ ತೀರ್ಪು. ಮುಂದೆ 1978ರಲ್ಲಿ ನಾರ್ದರ್ನ್ ಇಂಡಿಯಾ ಕೇಟರರ್ಸ್ ಮೊಕದ್ದಮೆಯಲ್ಲಿ ಇನ್ನೊಂದು ಹೆಜ್ಜೆ. ತಂಗದೆ ಉಣ್ಣಲಷ್ಟೇ ಬಂದವನಿಗೆ ಬಡಿಸಿದರೂ ಅದು ಮೂಲತಃ ಸೇವೆಯೇ ಎಂದಾಯಿತು. ಆ ಮಟ್ಟಿಗೆ ರೆಸ್ಟೋರೆಂಟಿನಲ್ಲಿ ಉಂಡವನೂ ಹೋಟೆಲಿನ ಅತಿಥಿಯ ಹಾಗೆಯೇ ಎಂದು ಕಾನೂನು ಕಂಡಿತು.

ಮಾವ: ಸರಕಾರ ಸುಮ್ಮನೆ ಬಿಡಲಿಲ್ಲ.

ಸೊಸೆ: ಬಿಡಲಿಲ್ಲ. 1982ರಲ್ಲಿ ಸಂವಿಧಾನಕ್ಕೆ 46ನೇ ತಿದ್ದುಪಡಿ ತಂದರು. ಸೇವೆಯ ಭಾಗವಾಗಿ ಕೊಟ್ಟ ಆಹಾರವನ್ನೂ ಮಾರಾಟ ಎಂದೇ ಎಣಿಸಬೇಕು ಎಂದು ಅದರಲ್ಲಿ ಬಂತು. ಜಿಎಸ್‌ಟಿ ಬಂದಮೇಲೂ ಎರಡು ಪದ ಒಂದನ್ನೊಂದು ಬಿಟ್ಟಿಲ್ಲ. ಸಾಮಾನ್ಯ ರೆಸ್ಟೋರೆಂಟಿನ ಊಟಕ್ಕೆ ಶೇ 5. ದಿನದ ಬಾಡಿಗೆ 7,500 ರೂಪಾಯಿ ಮೀರಿದ ಕೋಣೆಗಳಿರುವ ದುಬಾರಿ ಹೋಟೆಲಿನ ಒಳಗೆ ಅದೇ ರೆಸ್ಟೋರೆಂಟ್ ಇದ್ದರೆ ಶೇ 18. ತಟ್ಟೆಯಲ್ಲಿರುವುದು ಅದೇ ಇಡ್ಲಿ. ಪಕ್ಕದ ಕೋಣೆಯ ಬಾಡಿಗೆ ಅದರ ತೆರಿಗೆಯನ್ನು ಬದಲಿಸುತ್ತದೆ.

ಮಾವ: ನಮ್ಮ ದಂಧೆಯವರ ಸಂಘವೂ ಎರಡು ಪದಗಳನ್ನು ಕೈಬಿಟ್ಟಿಲ್ಲ. ‘ಆಹಾರ್’ ಅಂತ ಎಲ್ಲರೂ ಕರೆಯುವ ಸಂಘದ ಪೂರ್ತಿ ಹೆಸರು ಇಂಡಿಯನ್ ಹೋಟೆಲ್ ಆ್ಯಂಡ್ ರೆಸ್ಟೋರೆಂಟ್ ಅಸೋಸಿಯೇಷನ್. ಒಂದರಿಂದ ಇನ್ನೊಂದಕ್ಕೆ ದಾಟಿದವರೂ ನಮ್ಮಲ್ಲಿ ಉಂಟು. ವಿಠಲ ಕಾಮತರ ಮನೆತನ ಇಡ್ಲಿ ದೋಸೆಯಿಂದ ಶುರುಮಾಡಿದ್ದು. 1990ರ ದಶಕದಲ್ಲಿ ವಿಲೇ ಪಾರ್ಲೆಯ ವಿಮಾನ ನಿಲ್ದಾಣದ ಹತ್ತಿರ ಅವರು ಆರ್ಕಿಡ್ ಕಟ್ಟಿದರು. ನಮ್ಮ ಬಾಯಿಯ ಹೋಟೆಲಿನಿಂದ ಇಂಗ್ಲಿಷಿನ ಹೋಟೆಲಿಗೆ ಹೋದ ದಾರಿ ಅದು. ಅವರ ಮರಾಠಿ ಆತ್ಮಕತೆಯ ಹೆಸರಿನಲ್ಲೇ ಇಡ್ಲಿ, ಆರ್ಕಿಡ್ ಎರಡೂ ಕೂತಿವೆ.

ಸೊಸೆ: ನೋಡಿ ಮಾವ, ನಿಘಂಟು, ಕಾನೂನು, ತೆರಿಗೆ ಎಲ್ಲವೂ ನೀವು ದುಡಿದ ಜಾಗವನ್ನು ರೆಸ್ಟೋರೆಂಟ್ ಎಂದೇ ಹೇಳುತ್ತಿವೆ. ನಾನು ಹಾಗೇ ಬರೆಯಲೇ?

ಮಾವ: ಈಗ ನಾನು ಹೇಳಬೇಕಾದ್ದನ್ನು ಕೇಳು. ಆಗ ಕೊಂಕಣ ರೈಲ್ವೆ ಎಲ್ಲಿತ್ತು? ಅದು ಪೂರ್ತಿ ಶುರುವಾದದ್ದು 1998ರಲ್ಲಿ. ಬಸ್ಸಿನಲ್ಲಿ ಬಂದಿಳಿದ ಹುಡುಗನಿಗೆ ಈ ಊರಿನಲ್ಲಿ ಮನೆ ಇಲ್ಲ, ಖೋಲಿ ಇಲ್ಲ, ಭಾಷೆ ಇಲ್ಲ. ಇದ್ದದ್ದು ಊರಿನವರೊಬ್ಬರ ಹೋಟೆಲಿನ ಹೆಸರು. ಬೆಳಿಗ್ಗೆ ಅಲ್ಲಿಗೆ ಹೋದೆ, ಒಂದು ಬನಿಯನ್, ಒಂದು ಚಡ್ಡಿ ಕೊಟ್ಟು ಮೋರಿಯ ಹತ್ತಿರ ನಿಲ್ಲಿಸಿದರು. ರಾತ್ರಿ ಗಿರಾಕಿಗಳೆಲ್ಲ ಹೋದಮೇಲೆ ಕುರ್ಚಿಗಳನ್ನು ಟೇಬಲಿನ ಮೇಲೆ ಮಗುಚಿ, ನೆಲ ತೊಳೆದು, ಒರೆಸಿ, ಅಲ್ಲೇ ಚಾಪೆ ಹಾಸಿದೆವು. ಭಟ್ಟರು ಭಟ್ಟಿಯ ಕಡೆ, ಸಪ್ಲಾಯರುಗಳು ಬಾಗಿಲ ಕಡೆ, ನಾವು ಹುಡುಗರು ನಡುವೆ. ನಸುಕಿನಲ್ಲಿ ಹಾಲು ಬರುವ ಮೊದಲು ಏಳಬೇಕು. ಗಿರಣಿಯವನು ಒಂದು ಕಡೆ ಮಲಗಿ ಇನ್ನೊಂದು ಕಡೆ ಉಣ್ಣುತ್ತಿದ್ದ ಅಂದೆಯಲ್ಲ, ನಾವು ಉಂಡದ್ದೂ ಮಲಗಿದ್ದೂ ದುಡಿದದ್ದೂ ಒಂದೇ ನೆಲದ ಮೇಲೆ. ಕಾಗದದ ವಿಳಾಸವೂ ಅದೇ. ಊರಿನಿಂದ ಅಮ್ಮನ ಪತ್ರ ಬರುತ್ತಿದ್ದದ್ದು ಹೋಟೆಲಿನ ಹೆಸರಿಗೆ. ಉಂಡು ಎದ್ದುಹೋಗುವ ಆಫೀಸಿನವನಿಗೆ ಅದು ರೆಸ್ಟೋರೆಂಟ್ ಆಗಿದ್ದಿರಬಹುದು. ಹೊಸದಾಗಿ ಬಂದ ಪರದೇಶಿಗೆ ನೆರಳು ಕೊಡುವ ಜಾಗ ಅಂತ ನೀನೇ ಬೇರಿನ ಅರ್ಥ ಹೇಳಿದೆಯಲ್ಲ, ನನಗೆ ಅದು ಆ ಅರ್ಥದ ಹೋಟೆಲು.

ಸೊಸೆ: ಇದನ್ನು ನಾನು ಯೋಚಿಸಿರಲಿಲ್ಲ. ಒಂದೇ ಕಟ್ಟಡ, ಒಂದೇ ದಿನ. ಬಡಿಸಿಕೊಂಡವನಿಗೆ ಒಂದು ನಾಮಪದ, ಬಡಿಸಿದವನಿಗೆ ಇನ್ನೊಂದು.

ಮಾವ: ಹೌದು. ಸಂಜೆ ಸ್ವಲ್ಪ ಹೊತ್ತು ಬಿಡುವ ಧಣಿ ಸಿಕ್ಕಿದರೆ ರಾತ್ರಿ ಶಾಲೆ. ಮೊಗವೀರರ ರಾತ್ರಿ ಶಾಲೆ, ಬಿಲ್ಲವರ ಗುರುನಾರಾಯಣ ರಾತ್ರಿ ಶಾಲೆ, ಹೀಗೆ ಕನ್ನಡದ ರಾತ್ರಿ ಶಾಲೆಗಳು ನಿಂತದ್ದೇ ಹೋಟೆಲ್ ಮಾಣಿಗಳ ಮೇಲೆ. ಟೇಬಲ್ ಒರೆಸಿದ ಕೈಯಲ್ಲೇ ಸ್ಲೇಟು ಹಿಡಿದು ಎಸ್‌ಎಸ್‌ಸಿ ಪಾಸಾಗಿ ಬ್ಯಾಂಕಿಗೆ ಹೋದವರು, ವಕೀಲರಾದವರು ಎಷ್ಟೋ ಜನ. ಅವರ್ಯಾರೂ ‘ರೆಸ್ಟೋರೆಂಟಿನಲ್ಲಿ ಇದ್ದೆ’ ಅನ್ನುವುದಿಲ್ಲ. ‘ಹೋಟೆಲಿನಲ್ಲಿ ಇದ್ದು ಓದಿದೆ’ ಅನ್ನುತ್ತಾರೆ. ಆ ‘ಇದ್ದು’ ಅನ್ನುವ ಮಾತು ರೆಸ್ಟೋರೆಂಟಿಗೆ ಒಗ್ಗುವುದಿಲ್ಲ.

ಸೊಸೆ: ಒಪ್ಪುತ್ತೇನೆ ಮಾವ. ಆದರೆ ಇನ್ನೊಂದು ಮಾತು ಹೇಳದಿದ್ದರೆ ನಿಮ್ಮ ಬರಹಕ್ಕೆ ಅನ್ಯಾಯವಾಗುತ್ತದೆ. ನೆರಳು ಎಂದು ಹೇಳುವಾಗ ಬೆಲೆಯನ್ನೂ ಹೇಳಬೇಕು. ಅನ್ನ, ಚಾಪೆ, ಸಂಬಳ ಮೂರೂ ಒಬ್ಬನ ಕೈಯಲ್ಲಿದ್ದಾಗ ಕೆಲಸ ಬಿಟ್ಟವನು ಅದೇ ರಾತ್ರಿ ಬೀದಿಗೆ ಬೀಳುತ್ತಾನೆ. ಹತ್ತು ಹನ್ನೆರಡರ ಹುಡುಗರೂ ಅಲ್ಲಿದ್ದರು. 14 ವರ್ಷದೊಳಗಿನವರನ್ನು ಇಂಥ ಕೆಲಸಕ್ಕೆ ಇಟ್ಟುಕೊಳ್ಳಬಾರದೆಂಬ ಕೇಂದ್ರ ಸರಕಾರದ ಅಧಿಸೂಚನೆ ಜಾರಿಗೆ ಬಂದದ್ದು 2006ರ ಅಕ್ಟೋಬರ್ 10ರಂದು. ಆ ಅಧಿಸೂಚನೆಯಲ್ಲಿ ಧಾಬಾ, ರೆಸ್ಟೋರೆಂಟ್, ಹೋಟೆಲ್, ಚಾದಂಗಡಿ ಎಂದು ಒಂದೊಂದನ್ನೂ ಬೇರೆಬೇರೆಯಾಗಿ ಹೆಸರಿಸಿದ್ದಾರೆ. ಯಾವ ಪದದ ಹಿಂದೆಯೂ ಯಾರೂ ಅಡಗಿಕೊಳ್ಳದಿರಲಿ ಎಂದು.

ಮಾವ: ಅದು ಸತ್ಯ. ಬರೆ, ಬಿಡಬೇಡ. ಚಾಪೆ ಕೊಟ್ಟ ಧಣಿಯ ಋಣ ನನ್ನ ಮೇಲೆ ಉಂಟು. ಚಾಪೆ ಉಂಟಲ್ಲ ಅಂತ ಸಂಬಳ ತಡೆದವರನ್ನೂ ನಾನು ಕಂಡಿದ್ದೇನೆ. ಎರಡೂ ಹೋಟೆಲಿನ ಅರ್ಥದೊಳಗೇ ಸೇರಿವೆ. ಈಗ ನಮ್ಮ ಕಡೆಯ ಹುಡುಗರು ಬರುವುದು ಕಡಿಮೆ. ಮಗನ ಹೋಟೆಲಿನಲ್ಲಿ ಉತ್ತರ ಪ್ರದೇಶದವರು, ಒಡಿಶಾದವರು, ನೇಪಾಳದವರು ಇದ್ದಾರೆ. ಅವರೂ ‘ಹೋಟೆಲ್ ಮೇಂ ಹೂಂ’ ಅಂತಲೇ ಮನೆಗೆ ಫೋನು ಮಾಡುತ್ತಾರೆ. ಪದ ನಮ್ಮಿಂದ ಅವರಿಗೆ ಹೋಗಿದೆ.

ಸೊಸೆ: ಹಾಗಾದರೆ ಒಂದು ಪದ್ಧತಿ ಇಟ್ಟುಕೊಳ್ಳೋಣ. ಉಣ್ಣಲು ಬಂದವರ ಕಣ್ಣಿನಿಂದ ನೀವು ಹೇಳುವ ಕಡೆಯಲ್ಲೆಲ್ಲ ರೆಸ್ಟೋರೆಂಟ್ ಎಂದು ಬರೆಯುತ್ತೇನೆ. ಅಲ್ಲಿ ಹೊರಗಿನ ಓದುಗ ದಾರಿ ತಪ್ಪಬಾರದು. ಲೈಸೆನ್ಸು, ತೆರಿಗೆ, ಕೋರ್ಟಿನ ಮಾತು ಬಂದಲ್ಲಿ ಆಯಾ ಕಾಯ್ದೆಯ ಪದವನ್ನೇ ಇಡುತ್ತೇನೆ, ಈಟಿಂಗ್ ಹೌಸ್ ಎಂದಿದ್ದರೆ ಈಟಿಂಗ್ ಹೌಸ್. ನೀವು ಮತ್ತು ನಿಮ್ಮ ಜೊತೆಯ ಹುಡುಗರು ಇದ್ದ ಜಾಗವಾಗಿ ಅದು ಬರುವ ಕಡೆ ಹೋಟೆಲ್ ಎಂದೇ ಉಳಿಸುತ್ತೇನೆ. ಮೊದಲ ಪುಟದಲ್ಲೇ ಒಂದು ವಾಕ್ಯ ಸೇರಿಸಿ, ಹಗಲು ಊಟ ಮಾರುವ ಆ ಜಾಗದಲ್ಲಿ ರಾತ್ರಿ ಕೆಲಸದವರು ಮಲಗುತ್ತಿದ್ದರು ಎಂದು ಹೇಳಿಬಿಟ್ಟರೆ, ಲಂಡನ್ನಿನ ಓದುಗನಿಗೂ ತಿಳಿಯುತ್ತದೆ.

ಮಾವ: ನಿನ್ನ ವಿದ್ಯಾರ್ಥಿಗಳಿಗೆ ಏನು ಹೇಳುತ್ತೀಯಾ?

ಸೊಸೆ: ತಪ್ಪು ಎಂದು ಗೀಟು ಹಾಕುವ ಮೊದಲು ಎರಡು ಪ್ರಶ್ನೆ ಕೇಳುತ್ತೇನೆ. ಇದನ್ನು ಓದುವವರು ಯಾರು? ನೀನು ಹೇಳುತ್ತಿರುವುದು ಅಲ್ಲಿ ಉಂಡವರ ಕತೆಯೋ, ಅಲ್ಲಿ ಇದ್ದವರ ಕತೆಯೋ? ಪರೀಕ್ಷೆಯಲ್ಲಿ, ಅರ್ಜಿಯಲ್ಲಿ, ಹೊರಗಿನವರಿಗೆ ಬರೆಯುವ ಪತ್ರದಲ್ಲಿ ಉಣ್ಣುವ ಜಾಗ ರೆಸ್ಟೋರೆಂಟೇ. ಇದನ್ನು ಅವರು ಕಲಿಯಲೇಬೇಕು, ಇಲ್ಲದಿದ್ದರೆ ಕೆಲಸದ ಸಂದರ್ಶನದಲ್ಲಿ ನಷ್ಟ ಅವರಿಗೇ. ಆದರೆ ಅವರ ಅಜ್ಜನೋ ಅಪ್ಪನೋ ‘ಹೋಟೆಲಿನಲ್ಲಿದ್ದೆ’ ಎಂದರೆ ಅದನ್ನು ತಿದ್ದುವ ಹಕ್ಕು ಅವರಿಗಿಲ್ಲ, ನನಗೂ ಇಲ್ಲ. ಮಾವ, ನಿಮ್ಮ ಬರಹದಲ್ಲಿ ಒಂದು ಅಧ್ಯಾಯ ಕಡಿಮೆ ಇದೆ. ಈಗ ಹೋಟೆಲಿನಲ್ಲಿ ಇರುವವರದ್ದು. ಅವರು ಎಲ್ಲಿ ಮಲಗುತ್ತಾರೆ, ಎಲ್ಲಿ ಉಣ್ಣುತ್ತಾರೆ, ಕೆಲಸ ಬಿಟ್ಟ ರಾತ್ರಿ ಎಲ್ಲಿಗೆ ಹೋಗುತ್ತಾರೆ ಎಂದು ಕೇಳಿ ಬರೆಯಿರಿ.

ಮಾವ: ಬರೆಯುತ್ತೇನೆ. ನಾಳೆ ಮಧ್ಯಾಹ್ನದ ಗರ್ದಿ ಇಳಿದಮೇಲೆ ಹೋಗಿ ಮೋರಿಯ ಹತ್ತಿರದ ಹುಡುಗನಿಂದಲೇ ಶುರುಮಾಡುತ್ತೇನೆ. ಮಗನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ. ಹುಡುಗ ಹೇಳುವುದನ್ನು ಗಲ್ಲಾದಲ್ಲಿ ಕೂರುವವನೂ ಕೇಳಬೇಕು.